ಅವಸರದ ಆಮೆನ್

ಇದು ನಡೆದದ್ದೇ ಮಾರಾಯ, ಆಣೆ ಮಾಡಿ ಹೇಳುತ್ತೇನೆ. ಒಂದೇ ಒಂದು ಮಾತು ಸುಳ್ಳಾದರೂ ನನ್ನ ಮೀಸೆ ಉದುರಿ ಟೀ ಲೋಟದೊಳಗೆ ಬೀಳಲಿ.

ಪಟಪಟ ಬೇಕರಿಯ ಹಿಂದಿನ ಕೋಣೆಯಲ್ಲಿ ಮಂಡಿಯೂರಿದ್ದಳು. ಪಟಪಟ ಅಂದರೆ ಬೇಕರಿಯವನ ಮಗಳು. ಮಾತೂ ಪಟಪಟ, ಓಟವೂ ಪಟಪಟ. ಮಂಡಿ ನೆಲದ ಮೇಲಿತ್ತು, ಮನಸ್ಸು ಮಾತ್ರ ಸ್ಕೂಲಿನ ಮೈದಾನದಲ್ಲಿತ್ತು. ಅವತ್ತು ಫಸ್ಟ್ ಬೆಲ್ಲಿಗೂ ಮೊದಲೇ ಓಟದ ಟೀಮಿಗೆ ಸೆಲೆಕ್ಷನ್. ಶೂ ಲೇಸನ್ನೂ ಆಗಲೇ ಬಿಗಿದಿದ್ದಳು.

"ಅಜ್ಜಿ, ಬೇಗ ಶುರು ಮಾಡು."

ಅಜ್ಜಿ ಬಾಯಿ ತೆರೆದಳು. ಬರೀ ಗಾಳಿ ಬಂತು. ನೆಗಡಿಗೆ ಗಂಟಲು ಕಟ್ಟಿಹೋಗಿತ್ತು. ಅವಳು ಮೊಮ್ಮಗಳ ಕಡೆ ಬೆರಳು ತೋರಿಸಿದಳು.

"ಇವತ್ತು ನೀನೇ ಪ್ರಾರ್ಥನೆ ಮಾಡ್ಬೇಕಂತೆ," ಎಂದ ಅಪ್ಪ. ಬ್ರೆಡ್ಡಿನ ಟ್ರೇಗಳನ್ನು ಓವನ್ನಿಗೆ ತಳ್ಳಿ, ಅಲ್ಲೇ ಪಕ್ಕದಲ್ಲಿ ಮಂಡಿಯೂರಿದ.

ಆ ಮನೆಯ ರೂಢಿ ಹಾಗೆ. ಬ್ರೆಡ್ಡು ಒಳಗೆ ಹೋದ ತಕ್ಷಣ ಪ್ರಾರ್ಥನೆ ಶುರು. ಅಜ್ಜಿ ಆಮೆನ್ ಅಂದ ಕೂಡಲೇ ಅಪ್ಪ ಎದ್ದು ಓವನ್ನಿನ ಕಬ್ಬಿಣದ ಬಾಗಿಲು ತೆಗೆಯುತ್ತಾನೆ. ಬ್ರೆಡ್ಡು ಹದವಾಗಿ ಬೆಂದಿರುತ್ತದೆ. ಗಡಿಯಾರದ ಗೊಡವೆಯೇ ಇಲ್ಲ. ಅಜ್ಜಿಯ ಪ್ರಾರ್ಥನೆ ಎಷ್ಟು ಉದ್ದ ಅಂತೀಯ? ಒಮ್ಮೆ ಅವಳು ಶುರು ಮಾಡಿದಾಗ ಗೋಡೆಯ ಹಲ್ಲಿ ಮೊಟ್ಟೆ ಇಟ್ಟಿತ್ತು. ಮುಗಿಸುವಷ್ಟರಲ್ಲಿ ಮರಿಗಳು ನೊಣ ಹಿಡಿಯುತ್ತಿದ್ದವು.

ಪಟಪಟ ಕಣ್ಣು ಮುಚ್ಚಿದಳು. "ಯೇಸಪ್ಪಾ, ಎಲ್ಲರಿಗೂ ಒಳ್ಳೇದು ಮಾಡು, ಆಮೆನ್."

ಅಪ್ಪನ ಕಣ್ಣು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಬಾಗಿಲು ತೆಗೆದು ಟ್ರೇಗಳನ್ನು ಸರಸರನೆ ಹೊರಗೆಳೆಯಿತು. ಬಿಳಿಚಿದ ಬ್ರೆಡ್ಡುಗಳು ಉಸ್ಸೆಂದು ಕುಸಿದು, ಒದ್ದೆ ದಿಂಬಿನ ಹಾಗೆ ಮಲಗಿಬಿಟ್ಟವು.

ಅಪ್ಪ ಟ್ರೇ ನೋಡಿದ. ಮಗಳನ್ನು ನೋಡಿದ. ಬೈದಿದ್ದರೇ ವಾಸಿಯಿತ್ತು.

ಅದು ಆಸ್ಪತ್ರೆಯ ಬ್ರೆಡ್ಡು. ರೋಗಿಗಳ ಬೆಳಗಿನ ತಿಂಡಿ. ಹೊರಗೆ ಆಗಲೇ ಹಾರ್ನ್ ಕೇಳಿಸಿತು.

ವ್ಯಾನ್ ಮಾಮ ಬಾಗಿಲಲ್ಲಿ ತಲೆ ಹಾಕಿದ. "ಏನಣ್ಣಾ, ಬ್ರೆಡ್ಡಿಗೆ ಜ್ವರ ಬಂದಿದೆಯಾ? ಇದನ್ನೇ ಅಡ್ಮಿಟ್ ಮಾಡ್ಬೇಕೋ ಏನೋ."

ಯಾರೂ ನಗಲಿಲ್ಲ. ಮಾಮನ ಮುಖವೂ ಸಪ್ಪೆಯಾಯಿತು. "ಲೇಟಾದ್ರೆ ಅವ್ರು ಬೇರೆ ಬೇಕರಿ ನೋಡ್ಕೋತಾರೆ ಅಣ್ಣ. ಹೋದ ತಿಂಗಳೇ ಹೇಳಿದ್ರು."

"ಅಂಗಡಿಗೆ ಅಂತ ಇಟ್ಟಿದ್ದ ಹಿಟ್ಟು ಉಬ್ಬಿ ರೆಡಿ ಇದೆ. ಅದನ್ನೇ ಬೇಯಿಸಿ ಕೊಡ್ತೀನಿ. ಸ್ವಲ್ಪ ಕಾಯಪ್ಪ," ಎಂದು ಅಪ್ಪ ಬೇರೆ ಟ್ರೇಗಳನ್ನು ಒಳಗೆ ತಳ್ಳಿದ. ಆಮೇಲೆ ಮಗಳತ್ತ ತಿರುಗಿದ. "ನೀನು ಹೊರಡು ಮಗಳೇ. ಸೆಲೆಕ್ಷನ್ ತಪ್ಪಿಹೋಗುತ್ತೆ. ಈ ಸಲ ನಾನು ಗಡಿಯಾರ ನೋಡ್ಕೋತೀನಿ."

ಪಟಪಟ ಬ್ಯಾಗು ಎತ್ತಿಕೊಂಡಳು. ಹೊಸ್ತಿಲ ತನಕ ಹೋದಳು.

ಹಿಂದೆ ತಿರುಗಿದರೆ ಅಜ್ಜಿ ಮತ್ತೆ ಮಂಡಿಯೂರಿದ್ದಳು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಏನು ಹೇಳುತ್ತಿದ್ದಾಳೆ? ದಿನಾ ಪ್ರಾರ್ಥನೆಗೆ ಕೂತರೂ ಪಟಪಟ ಯಾವತ್ತೂ ಕಿವಿಗೊಟ್ಟವಳಲ್ಲ. ಹತ್ತಿರ ಹೋಗಿ ಅಜ್ಜಿಯ ಬಾಯಿಗೆ ಕಿವಿ ಹಿಡಿದಳು.

ಉಸಿರಿನಲ್ಲಿ ಒಂದೊಂದೇ ಮಾತು ಬರುತ್ತಿತ್ತು. ವ್ಯಾನ್ ಮಾಮನ ಕಣ್ಣಿನ ಆಪರೇಷನ್. ಮೇಲಿನ ಮನೆಯ ಟೀಚರಮ್ಮನ ನಿದ್ದೆ ಮಾಡದ ಪಾಪು. ಆಸ್ಪತ್ರೆಯಲ್ಲಿ ಬಾಗಿಲ ಕಡೆ ನೋಡುತ್ತಾ ಮಲಗಿದವರು. ಓವನ್ನಿಗೆ ತಾಗಿ ಸುಟ್ಟ ಮಗನ ಬೆರಳು. ಆಮೇಲೆ, "ನಮ್ಮ ಪಟಪಟ... ಓಡುವಾಗ ಬೀಳದೇ ಇರಲಿ."

ಅವಳು ಬ್ಯಾಗನ್ನು ಕೆಳಗಿಟ್ಟು ಮಂಡಿಯೂರಿದಳು.

"ಅಜ್ಜಿ, ನೀನು ಹೇಳು. ನಾನು ಜೋರಾಗಿ ಹೇಳ್ತೀನಿ."

ಅಜ್ಜಿ ಉಸುರಿದಳು, ಪಟಪಟ ಹೇಳಿದಳು. ನಿಧಾನವಾಗಿ. ತನ್ನ ಕಣ್ಣಿನ ವಿಷಯ ಬಂದಾಗ ಹೊಸ್ತಿಲಲ್ಲಿದ್ದ ಮಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ದೂರದಲ್ಲಿ ಸ್ಕೂಲಿನ ಬೆಲ್ ಹೊಡೆಯಿತು. ಪಟಪಟಳ ಕಾಲು ಒಮ್ಮೆ ಚಡಪಡಿಸಿತು. ಮಾತು ನಿಲ್ಲಲಿಲ್ಲ.

"ಆಮೆನ್," ಎಂದಳು ಕೊನೆಗೆ.

ಅಪ್ಪ ಗಡಿಯಾರದ ಕಡೆ ನೋಡಲೇ ಇಲ್ಲ, ಬಾಗಿಲು ತೆಗೆದ. ಬ್ರೆಡ್ಡುಗಳು ಕೆಂಪಗೆ ಉಬ್ಬಿ ಕೂತಿದ್ದವು.

ವ್ಯಾನು ಹೇಗೆ ಓಡಿತು ಅಂದರೆ, ಬ್ರೆಡ್ಡಿನ ಘಮ ಹಿಂದೆ ಉಳಿದು ಏದುಸಿರು ಬಿಡುತ್ತಾ ಬಂತು. ಆಸ್ಪತ್ರೆಯವರು ಗೊಣಗಿದರು, ಆದರೂ ತೆಗೆದುಕೊಂಡರು. ಓಟದ ಟೀಮಿಗೆ ಮಾತ್ರ ಬೇರೆ ಹುಡುಗಿ ಸೇರಿಯಾಗಿತ್ತು. ಪಟಪಟ ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಳು.

ಕೆಲವು ದಿನಗಳಲ್ಲಿ ಅಜ್ಜಿಯ ದನಿ ಮರಳಿತು. ಪ್ರಾರ್ಥನೆ ಮತ್ತೆ ಉದ್ದಕ್ಕೆ ಸಾಗಿತು. ಕೊನೆಗೆ ಅಜ್ಜಿ "ಆ..." ಎನ್ನುವಾಗ ಪಟಪಟ ಅವಳ ಸೆರಗು ಜಗ್ಗಿದಳು.

"ತಡಿ ಅಜ್ಜಿ. ಟೀಮಿಗೆ ಸೇರಿದಳಲ್ಲ, ಆ ಹುಡುಗಿ. ಅವಳಿಗೆ ನಾಳೆ ರೇಸ್ ಇದೆ. ಅವಳ ಹೆಸರನ್ನೂ ಹೇಳು."

ಅಜ್ಜಿ ಹೇಳಿದಳು. ಪಟಪಟ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೇ ಇದ್ದಳು.

ಇಷ್ಟೇ ಕತೆ. ಈಗ ನಿನ್ನ ಸರದಿ. ಕಣ್ಣು ಮುಚ್ಚು, ನಿನಗೆ ಗೊತ್ತಿರುವವರ ಹೆಸರನ್ನೆಲ್ಲ ಒಂದೊಂದಾಗಿ ಹೇಳು. ಅವಸರ ಬೇಡ, ಯಾರನ್ನೂ ಬಿಡಬೇಡ. ಅದಕ್ಕೂ ಮೊದಲು ನಿನ್ನ ಮುಂದಿರುವ ಆ ಕೇಕಿನ ತಟ್ಟೆಯನ್ನು ಸ್ವಲ್ಪ ಈ ಕಡೆ ತಳ್ಳಿಬಿಡು.