ನೆಲ ತಟ್ಟದ ಎಡಗೈ

“ಯಾರೋ ಕೂಲಿಯವಳು ಬಿಡಿ! ಬೀಳೋದಕ್ಕೆ ಅಂತಲೇ ಕರೆಸ್ತಿದ್ರು...”

ಅತ್ತೆಯ ಬಾಯಿಂದ ಆ ಮಾತು ಬಿದ್ದದ್ದೇ ತಡ, ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಸೊಸೆ ಅಲ್ಲೇ ನಿಂತುಬಿಟ್ಟಳು. ನಡುಮನೆಯ ತುಂಬ ನೆಂಟರು. ಮರುದಿನ ಅತ್ತೆಗೆ ದೊಡ್ಡ ಸಭಾಂಗಣದಲ್ಲಿ ಸನ್ಮಾನ. ಒಂದು ಕಾಲಕ್ಕೆ ‘ಸಿಂಹಿಣಿ’ಯ ಕುಸ್ತಿ ಎಂದರೆ ಟಿಕೆಟ್ಟಿಗೆ ಜನ ಹೊಡೆದಾಡುತ್ತಿದ್ದರಂತೆ. ಆ ಸಿಂಹಿಣಿಯೇ ಈ ಅತ್ತೆ. ಅವಳ ಅತಿ ಹೆಸರಾದ ಪಂದ್ಯವನ್ನು ಹುಡುಕಿ ತೆಗೆಸಿ, ಎಲ್ಲರೂ ಕೂತು ಟೀವಿಯಲ್ಲಿ ನೋಡುತ್ತಿದ್ದರು. ಪರದೆಯ ಮೇಲೆ ಸಿಂಹಿಣಿ ಕರಿಯ ಮುಖವಾಡದ ಒಬ್ಬಳನ್ನು ಸೊಂಟ ಹಿಡಿದು ಎತ್ತಿ, ಧೊಪ್ಪನೆ ಕೆಡವಿ, ತಾನೂ ಅವಳ ಮೇಲೆಯೇ ಬಿದ್ದಳು. ಅದೇ ಅವಳಿಗೆ ಹೆಸರು ತಂದ ಪಟ್ಟು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು.

“ಈ ಕರಿಮುಖದ ಗೂಬೆ ಯಾರು ಅತ್ತಿಗೆ? ಮೂಟೆ ಬಿದ್ದ ಹಾಗೆ ಬೀಳ್ತಾಳಲ್ಲ!” ಎಂದು ನಗುತ್ತ ಕೇಳಿದ್ದು ಚಿಕ್ಕಮಾವ. ಅದಕ್ಕೇ ಅತ್ತೆಯೂ ನಗುತ್ತ ಕೊಟ್ಟ ಉತ್ತರ ಅದು. ಯಾರೋ ಕೂಲಿಯವಳು!

ಆ ‘ಯಾರೋ’ ಅಡುಗೆಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಎಡಗೈಯನ್ನು ತೊಡೆಯ ಮೇಲೆ ಮಡಿಚಿಟ್ಟುಕೊಂಡು, ಮಗಳ ಮನೆಗೆ ಬಂದ ಬೀಗಿತ್ತಿ ಹೇಗೆ ಕೂರಬೇಕೋ ಹಾಗೆ, ಮುದುಡಿಕೊಂಡು. ನೆಂಟರಿಗೆಲ್ಲ ಗೊತ್ತಿದ್ದದ್ದು ಅವಳು ಕುಸ್ತಿಯವರ ಬಟ್ಟೆ ಹೊಲಿಯುತ್ತಿದ್ದವಳು ಎಂದಷ್ಟೇ. ಮದುವೆಯ ಮಾತು ನಡೆದಾಗ ಅತ್ತೆ ಹಾಕಿದ ಷರತ್ತೇ ಅದು. ಸಿಂಹಿಣಿಯ ಮನೆಗೆ ಸೋತವಳ ಮಗಳು ಸೊಸೆಯಾಗಿ ಬಂದಳು ಎಂದು ಜನ ಆಡಿಕೊಳ್ಳಬಾರದು, ಮುಖವಾಡದ ವಿಷಯ ಯಾರೂ ಬಾಯಿ ಬಿಡಬಾರದು! ಮಗಳು ಅಂದೇ ಸಿಡಿದಿದ್ದಳು. ಅಮ್ಮನೇ ಅವಳ ಬಾಯಿ ಮುಚ್ಚಿಸಿದ್ದಳು. ಆವತ್ತಿನಿಂದ ಈ ಮನೆಯಲ್ಲಿ ಸೊಸೆ ನುಂಗಿಕೊಂಡ ಮಾತು ಒಂದೆರಡಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ “ಸೋಲೋದು ಇವರ ರಕ್ತದಲ್ಲೇ ಇದೆ” ಎನ್ನುವ ಬಾಯಿ ಅದು. ನೆಂಟರು ನಕ್ಕರೆ ನಗಲಿ, ಅವರಿಗೆ ಗೊತ್ತಿಲ್ಲ. ಗೊತ್ತಿದ್ದವಳೇ ನಕ್ಕಳಲ್ಲ! ಅಮ್ಮನ ಎದುರಿಗೇ!

ಸೊಸೆ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಚಹಾ ಚೆಲ್ಲಿ ಚಿಕ್ಕಮಾವನ ಪ್ಯಾಂಟು ತೊಯ್ಯಿತು. ಅವಳು ಅತ್ತ ನೋಡಲೇ ಇಲ್ಲ. ಗಂಡನ ಕೈಯಿಂದ ರಿಮೋಟ್ ಕಿತ್ತುಕೊಂಡಳು.

“ಕೂಲಿಯವಳಾ ಅತ್ತೆ? ಇನ್ನೊಂದ್ಸಲ ಹೇಳಿ, ಅವಳ ಮುಖ ನೋಡ್ಕೊಂಡು ಹೇಳಿ!”

“ಏನೇ ಇದು, ಮನೆ ತುಂಬ ಜನ ಇರುವಾಗ...” ಗಂಡ ಎದ್ದು ಬಂದ.

“ಜನ ಇರೋದಕ್ಕೇ ಹೇಳ್ತಿರೋದು! ಆ ಮುಖವಾಡದ ಒಳಗಿದ್ದದ್ದು ನಮ್ಮಮ್ಮ. ಕೇಳಿಸ್ತಾ ಎಲ್ರಿಗೂ? ಅಲ್ಲಿ ಬಾಗಿಲ ಹತ್ರ ಕೂತಿದ್ದಾಳಲ್ಲ, ಅವಳು!”

 ಚಿಕ್ಕಮಾವ ಪ್ಯಾಂಟು ಒರೆಸಿಕೊಳ್ಳುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡ. ಅತ್ತೆಯ ಮುಖ ಕೆಂಪೇರಿತು. “ಹೇಳ್ಬಿಟ್ಯಲ್ಲ? ಸಮಾಧಾನ ಆಯ್ತಾ? ಹೌದು, ಅವರೇ. ಸೋತವರನ್ನ ಸೋತವರು ಅನ್ನದೆ ಏನನ್ಬೇಕು?”

“ಯಾರು ಗೆಲ್ಬೇಕು ಅಂತ ಮೊದಲೇ ತೀರ್ಮಾನ ಆಗಿರೋ ಆಟದಲ್ಲಿ ಸೋಲೆಲ್ಲಿಂದ ಬಂತು ಅತ್ತೆ? ಆಟ ಸುಳ್ಳು. ನೆಲವೂ ಸುಳ್ಳಾ? ಆ ಕಣದ ಹಲಗೆಯ ಮೇಲೆ ಬಿದ್ದಿದ್ದು ಯಾರ ಬೆನ್ನು? ನೋಡಿ ಎಲ್ರೂ. ಸಿಂಹಿಣೀನ ನೋಡಬೇಡಿ, ಕೆಳಗೆ ಇರೋಳನ್ನ ನೋಡಿ!”

ಅವಳು ಪಂದ್ಯವನ್ನು ಹಿಂದಕ್ಕೆ ಓಡಿಸಿದಳು. ಬಿದ್ದವಳು ಎದ್ದಳು, ಎತ್ತಿದವಳು ಬಿಟ್ಟಳು. ಮತ್ತೆ ನಿಧಾನವಾಗಿ ಮುಂದಕ್ಕೆ.

“ಇಲ್ಲಿ ನೋಡಿ. ಎತ್ತೋದು ಸಿಂಹಿಣಿ ಅಲ್ಲ, ಅಮ್ಮನೇ ಹಾರ್ತಾಳೆ. ಮೊಣಕಾಲು ಮಡಿಸಿ ಚಿಮ್ಮೋದು ಕಾಣುತ್ತಾ? ನೋಡೋ ಜನಕ್ಕೆ ಅವಳು ಭಾರ ಅನ್ನಿಸ್ತಾಳೆ, ಎತ್ತೋ ಅತ್ತೆಗೆ ಹಗುರ. ಬೀಳುವಾಗ ಇವರ ತಲೆ ಹಲಗೆಗೆ ತಾಗದ ಹಾಗೆ ತನ್ನ ಎದೆ ಕೊಡ್ತಾಳೆ. ಇನ್ನು ಕೈ... ಬೀಳುವಾಗ ಎರಡೂ ಕೈ ನೆಲಕ್ಕೆ ಬಡಿಬೇಕು, ಪೆಟ್ಟು ಕೈ ತಿನ್ನಲಿ, ಬೆನ್ನು ಉಳೀಲಿ ಅಂತ ನನಗೆ ಚಿಕ್ಕವಳಿದ್ದಾಗ ಹಾಸಿಗೆ ಮೇಲೆ ಬೀಳಿಸಿ ಬೀಳಿಸಿ ಕಲಿಸಿದ್ಲು...”

 ಅವಳು ಪರದೆಯ ಹತ್ತಿರ ಹೋದಳು. ಅಮ್ಮನ ಬಲಗೈ ಪಟ್ಟನೆ ನೆಲ ತಟ್ಟಿತು. ಎಡಗೈ ತಟ್ಟಲಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ತಟ್ಟಲಿಲ್ಲ! ಇಬ್ಬರ ದೇಹದ ನಡುವೆ ಸಿಕ್ಕಿಕೊಂಡಿತ್ತು ಅದು. ಮೊಣಕೈಯನ್ನು ನೆಲಕ್ಕೆ ಊರಿ, ಅಂಗೈಯನ್ನು ಸಿಂಹಿಣಿಯ ಹೊಟ್ಟೆಗೆ ಆನಿಸಿ, ಬೀಳುವ ಗೋಡೆಗೆ ಊರುಗೋಲು ಕೊಟ್ಟ ಹಾಗೆ ಅವಳ ಇಡೀ ಭಾರವನ್ನು ಹಿಡಿದು ನಿಂತಿತ್ತು. ಮುಂದಿನ ಬೀಳುವಿಕೆಯಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಕೊನೆಯ ಸಲ ಭುಜ ತಿರುಚಿ, ತೋಳು ವಿಕಾರವಾಗಿ ವಾಲಿತು. ಜನ ಕೇಕೆ ಹಾಕುತ್ತಿದ್ದರು.

“ಅಮ್ಮಾ... ಮೆಟ್ಟಿಲ ಮೇಲೆ ಜಾರಿ ಬಿದ್ದು ಭುಜ ಹೋಯ್ತು ಅಂದಿದ್ದೆಯಲ್ಲ?”

ಅಮ್ಮ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು.

“ನನಗೆ ಬುದ್ಧಿ ಬಂದಾಗಿನಿಂದ ನಿನ್ನ ಜಡೆ ಹಾಕಿದ್ದು ನಾನು! ಕೈ ಎತ್ತೋಕೆ ಆಗಲ್ಲ ಅಂತ! ಈ ಪಂದ್ಯ ಆದ್ಮೇಲೆ ನೀನು ಮತ್ತೆ ಕಣಕ್ಕಿಳಿಯಲೇ ಇಲ್ಲ ಅಲ್ವಾ? ಇಷ್ಟು ಚೆನ್ನಾಗಿ ಬೀಳೋದು ಗೊತ್ತಿದ್ದವಳು ಯಾಕಮ್ಮ ಕೈ ಅಲ್ಲಿಟ್ಟೆ? ಅವರ ಹೊಟ್ಟೆ ಮೇಲೆ ಯಾಕೆ?”

ಗಂಡ ಪರದೆಯ ಮೂಲೆಯಲ್ಲಿದ್ದ ತಾರೀಖನ್ನೇ ನೋಡುತ್ತಿದ್ದ.  “ನಾನು ಹುಟ್ಟಿದ್ದು ಆ ವರ್ಷವೇ...” ಎಂದ. ತಾಯಿಯ ಕಡೆ ತಿರುಗಿದ. “ಅಮ್ಮಾ, ಆಗ ನಾನು ನಿನ್ನ ಹೊಟ್ಟೇಲಿದ್ದೆನಾ?”

ಅತ್ತೆ ಧಡಕ್ಕನೆ ಎದ್ದಳು. “ನಾನೇನು ಕೇಳಿಕೊಂಡಿದ್ದೆನಾ? ಬಸುರಿ ಅಂತ ಗೊತ್ತಾದರೆ ಚಾಂಪಿಯನ್ ಬೆಲ್ಟ್ ಇನ್ನೊಬ್ಬಳ ಪಾಲಾಗ್ತಿತ್ತು. ಅಷ್ಟು ವರ್ಷ ಬೆವರು ಸುರಿಸಿದ್ದೆ! ಒಂದೇ ಒಂದು ಪಂದ್ಯ ಮುಗಿಸ್ಕೊಂಡು ಬರ್ತೀನಿ ಅಂತ ಇಳಿದೆ. ಯಾರಿಗೂ ಹೇಳಿರಲಿಲ್ಲ... ಕಣದಲ್ಲಿ ಎದುರಿಗಿದ್ದ ಇವರಿಗೂ ಹೇಳಿರಲಿಲ್ಲ!”

“ಹೇಳಬೇಕಿತ್ತಾ?” ಅಮ್ಮನ ದನಿ ಮೊದಲ ಬಾರಿಗೆ ಕೇಳಿಸಿತು. “ಮೊದಲನೇ ಪಟ್ಟು ಹಿಡಿದಾಗಲೇ ಗೊತ್ತಾಯ್ತು. ಹೊಟ್ಟೆ ಹಿಂದಕ್ಕೆ ಎಳ್ಕೊಂಡು ಹಿಡಿದೆ ನೀನು. ಯಾವತ್ತೂ ಹಾಗೆ ಹಿಡಿದವಳಲ್ಲ.”

‘ನೀವು’ ಎಂದು ಬೀಗಿತ್ತಿಗೆ ಕೊಡುತ್ತಿದ್ದ ಮರ್ಯಾದೆ ಎಲ್ಲಿ ಹೋಯಿತೋ! ಅಮ್ಮ ಕುರ್ಚಿಯ ಅಂಚು ಹಿಡಿದು ಎದ್ದಳು. ಮುದುಡಿ ಕೂತಿದ್ದವಳು ಇಷ್ಟು ಎತ್ತರದವಳೇ ಎಂದು ನೆಂಟರು ಬೆರಗಾದರು.

“ನನಗೆ ಸೋತಿದ್ದರ ಬೇಜಾರಿಲ್ಲ ಕಣೇ. ಸೋಲೋದು ನನ್ನ ಕೆಲಸ. ನನ್ನಷ್ಟು ಚೆನ್ನಾಗಿ ಆ ಕೆಲಸ ಮಾಡಿದವರು ಯಾರೂ ಇರಲಿಲ್ಲ, ಅದು ನಿನಗೂ ಗೊತ್ತು. ಜನ ನನಗೆ ಉಗಿದರು, ಬಾಟ್ಲಿ ಎಸೆದರು, ಅದನ್ನೂ ಸಂಬಳದ ಜೊತೆ ತಗೊಂಡೆ. ಕೈ ಹೋಯ್ತು, ಹೋಗ್ಲಿ, ಮಗು ಉಳೀತಲ್ಲ ಅಂದ್ಕೊಂಡೆ. ಆದರೆ ನೀನು... ನೀನು ಒಂದು ದಿನ ನನ್ನ ಮನೆ ಬಾಗಿಲಿಗೆ ಬರಲಿಲ್ಲ! ನನ್ನ ಮಗಳನ್ನ ತಂದ್ಕೊಂಡು ಅವಳನ್ನ ಹಂಗಿಸಿದೆ. ಇವತ್ತು ಯಾರೋ ಅಂದೆ. ಯಾರೋನಾ ನಾನು? ಹೇಳೇ, ಯಾರೋನಾ?”

ಅತ್ತೆಯ ಕಣ್ಣು ತುಂಬಿ ಬಂದಿತ್ತು. ಆದರೆ ಸೊಸೆಗೆ ಕನಿಕರ ಬರಲಿಲ್ಲ, ಬರಬೇಕೆಂದೂ ಇರಲಿಲ್ಲ. ತಾವು ಯಾರ ಋಣ ಹೊತ್ತಿದ್ದಾರೋ ಅವರ ಮುಖ ನೋಡಲಾಗದೆ ಅವರನ್ನೇ ತುಳಿಯುವ ಜನ ಇರುತ್ತಾರಲ್ಲ, ಅಂಥವರ ಕಣ್ಣೀರಿಗೆ ಏನು ಬೆಲೆ? “ನಾಳೆ ವೇದಿಕೆ ಮೇಲೆ ಇದನ್ನ ಹೇಳ್ತೀರೋ ಇಲ್ವೋ ಅಷ್ಟು ಹೇಳಿ ಅತ್ತೆ. ಇಲ್ಲ ಅಂದ್ರೆ ನಾನೂ ಈಗಲೇ ಅಮ್ಮನ ಜೊತೆ ಹೊರಟೆ.”

“ನಾನೂ,” ಎಂದ ಗಂಡ. ಅವನು ತಾಯಿಗೆ ಎದುರಾಡಿದ್ದು ಅದೇ ಮೊದಲು.

ಅತ್ತೆ ಸೊಸೆಯ ಕೈಯಿಂದ ರಿಮೋಟ್ ತೆಗೆದುಕೊಂಡು, ಪಂದ್ಯವನ್ನು ಮತ್ತೆ ಮೊದಲಿನಿಂದ ಹಚ್ಚಿದಳು. ಚಿಕ್ಕಮಾವನ ಮುಂದೆ ನಿಂತು, “ನಗ್ತಿದ್ದೆಯಲ್ಲ, ಈಗ ನೋಡು. ನನ್ನನ್ನ ನೋಡ್ಬೇಡ, ಅವಳನ್ನ ನೋಡು. ನಾಳೆ ಅಲ್ಲೂ ಇದನ್ನೇ ಹಾಕಿಸ್ತೀನಿ, ನಾನೇ ನಿಂತು ಹೇಳ್ತೀನಿ,” ಎಂದಳು. 

ನೆಂಟರ ಕಣ್ಣು ಈಗ ಕರಿಯ ಮುಖವಾಡದ ಮೇಲಿಂದ ಕದಲಲಿಲ್ಲ. ಅಮ್ಮ ಮಾತ್ರ ಅತ್ತ ತಿರುಗಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ತನ್ನ ಕೋಟು ತೆಗೆದುಕೊಂಡಳು. ಬಲತೋಳು ಹಾಕಿಕೊಂಡಳು. ಎಡತೋಳು ಎಂದಿನಂತೆ ಮೇಲೇರಲಿಲ್ಲ. ಮಗಳು ಓಡಿ ಬಂದಳು. ಅಷ್ಟರಲ್ಲಿ ಅತ್ತೆಯೇ ಅವಳನ್ನು ಪಕ್ಕಕ್ಕೆ ಸರಿಸಿ, ಕೋಟಿನ ತೋಳನ್ನು ಬಿಡಿಸಿ ಹಿಡಿದಿದ್ದಳು.

“ಮೆಲ್ಲಗೆ. ಅವತ್ತು ಕಣದಲ್ಲೂ ನೀನು ಹೀಗೇ ಅವಸರ ಮಾಡಿದ್ದೆ,” ಎಂದಳು ಅಮ್ಮ.

ಅತ್ತೆ ತೋಳು ತೊಡಿಸಿ, ಅಮ್ಮನ ಎಡ ಅಂಗೈಯನ್ನು ತನ್ನ ಬೆರಳುಗಳಲ್ಲಿ ಹಿಡಿದು ಒಮ್ಮೆ ಒತ್ತಿದಳು. ಮಗಳಿಗೆ ಆ ಒತ್ತು ಗೊತ್ತಿತ್ತು. ಹಾಸಿಗೆಯ ಮೇಲೆ ಬಿದ್ದಾಗಲೆಲ್ಲ ಅಮ್ಮ ಅವಳ ಪುಟ್ಟ ಕೈಯನ್ನು ಹಾಗೇ ಒತ್ತುತ್ತಿದ್ದಳು. ಕಣದಲ್ಲಿ ಜನರಿಗೆ ಕಾಣದಂತೆ ಕುಸ್ತಿಯವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಅದು: ನೋವಾಯ್ತಾ? ತಿರುಗಿ ಒತ್ತಿದರೆ, ಇಲ್ಲ, ಆಟ ಮುಂದುವರಿಸು ಎಂದರ್ಥ. ಭುಜ ಮುರಿದ ಆ ಗಳಿಗೆಯಲ್ಲೂ ಮುಖವಾಡದವಳು ತಿರುಗಿ ಒತ್ತಿಯೇ ಇದ್ದಿರಬೇಕು. ಇಲ್ಲದಿದ್ದರೆ ಪಂದ್ಯ ಕೊನೆಯವರೆಗೂ ನಡೆಯುತ್ತಿತ್ತೇ?

ಅತ್ತೆ ಇನ್ನೊಮ್ಮೆ ಒತ್ತಿದಳು. ಅಳು ತಡೆಯಲಾಗದೆ ಬಾಯಿ ಬಿಟ್ಟೇ ಕೇಳಿದಳು. “ನೋವಾಯ್ತೇನೇ...?”

ಅಮ್ಮನ ಬೆರಳು ಕದಲಲಿಲ್ಲ.

“ಹೌದು,” ಎಂದಳು ಅಮ್ಮ. “ನೋಯ್ತಿದೆ. ಅವತ್ತಿನಿಂದ.”