ಸುಣ್ಣವಿಲ್ಲದ ಮಡಕೆ

ಪಾಕ ಮತ್ತೆ ಕೈಕೊಟ್ಟಿತು. ಬಾಣಲೆಯ ತಳದಲ್ಲಿ ಅಂಟಂಟಾಗಿ ಕುಳಿತಿತ್ತೇ ಹೊರತು ಸಕ್ಕರೆಯ ಒಂದು ಹರಳೂ ಕಟ್ಟಿರಲಿಲ್ಲ. ಭಾನುಪ್ರಿಯಾ ಸೌಟು ಎತ್ತಿದಳು. ಜೇನಿನಂತೆ ಎಳೆಯಾಗಿ ಇಳಿಯಿತು.

"ನೀರಾಗೆ ನೀರು ಬೆರೆಸಿದೀಯೇನೋ?" ಎಂದಳು.

ಕಾಂತೇಶ್ ಆಗಷ್ಟೇ ಮರ ಇಳಿದು ಬಂದಿದ್ದ. ದಂಡಿನಶಿವರದ ಆ ತೆಂಗಿನ ತೋಟದಲ್ಲಿ ಹೊಂಬಾಳೆ ಕೊಯ್ದು ನೀರಾ ಇಳಿಸುವವನು ಅವನೊಬ್ಬನೇ. ಬೆವರು ಒರೆಸಿಕೊಳ್ಳುತ್ತಾ ನಕ್ಕ.

"ನಗಬೇಡ ಕಣೋ. ನೀನು ನಕ್ರೆ ನನ್ ಕೋಪ ಇಳಿದೋಗ್ತದೆ."

"ಹಂಗಾದ್ರೆ ಇನ್ನೊಂದ್ಸಲ ನಗ್ತೀನಿ ತಡಿ."

ಅವಳು ತುಟಿ ಕಚ್ಚಿ ಬೇರೆ ಕಡೆ ನೋಡಿದಳು. ನಗು ಮಾತ್ರ ಕಿವಿಯವರೆಗೂ ಹೋಗಿಬಿಟ್ಟಿತ್ತು.

ಅಷ್ಟರಲ್ಲಿ ಅಪ್ಪ ರಂಗರಾಜು ಬಂದರು. ಬಾಣಲೆ ನೋಡಿದರು, ಮಗಳನ್ನು ನೋಡಿದರು, ಕಾಂತೇಶನನ್ನು ಸ್ವಲ್ಪ ಹೆಚ್ಚೇ ನೋಡಿದರು.

"ಕಾಯಿ ಕಚ್ಚೋ ಹೊಂಬಾಳೆ ಕುಯ್ದು ಅಂಟು ಕಾಯಿಸ್ತಾ ಕೂತಿದೀಯಲ್ಲವ್ವ. ಇನ್ನೊಂದು ಸಲ ನೋಡು. ಸಕ್ಕರೆ ಆಗ್ಲಿಲ್ಲಾಂದ್ರೆ ಮಡಕೇನೂ ಬ್ಯಾಡ, ಮರ ಹತ್ತೋನೂ ಬ್ಯಾಡ. ಭಾನುವಾರ ತುರುವೇಕೆರೆಯೋರು ಹೆಣ್ಣು ನೋಡಕ್ಕೆ ಬತ್ತಾವ್ರೆ. ಸೀರೆ ಉಟ್ಕೊಂಡು ಕೂತ್ಕೊ."

"ನನ್ನ ಕೇಳಿದ್ರಾ?"

"ಹೇಳ್ತಾ ಇದೀನಲ್ಲ!"

ಮರುದಿನ ಬೆಳಗ್ಗೆ ಭಾನು ಒಲೆ ಹಚ್ಚಲಿಲ್ಲ. ನೇರ ಮರದ ಬುಡಕ್ಕೆ ಹೋಗಿ, ಕಾಂತೇಶ್ ಇಳಿಸಿದ ಮಡಕೆಯಿಂದ ಒಂದು ಬೊಗಸೆ ಕುಡಿದಳು. ಸಿಹಿಯ ಹಿಂದೆಯೇ ನಾಲಿಗೆಗೆ ಚುರುಕ್ಕೆನ್ನುವ ಸಣ್ಣ ಹುಳಿ. ಮಡಕೆಯೊಳಗೆ ಇಣುಕಿದಳು. ಬೆಳ್ಳಗಿರಬೇಕಾದ ಒಳಮೈ ಕೆಂಪಗೇ ಇತ್ತು.

"ಸುಣ್ಣ ಬಳಿದಿಲ್ಲ ಯಾಕೆ?"

ಅವನು ಅವಳ ಕೈ ಕಡೆ ನೋಡಿದ. ದಿನವೂ ಸುಣ್ಣದ ಮಡಕೆ ಉಜ್ಜಿ ಉಜ್ಜಿ ಬೆರಳ ತುದಿಗಳು ಬಿರಿದಿದ್ದವು.

"ಮಡಕೆ ತೊಳೆಯುವಾಗ ನೀನು ಉಸ್ಸ್ ಅಂತಿದ್ದೆ. ಕೇಳಕ್ಕಾಗ್ಲಿಲ್ಲ. ಸುಣ್ಣ ಇಲ್ದಿದ್ರೂ ಬೇಗ ಇಳಿಸಿದ್ರೆ ಸಾಕಲ್ಲ ಅನ್ಕೊಂಡೆ."

ಸುಣ್ಣವಿಲ್ಲದಿದ್ದರೆ ನೀರಾ ಮಡಕೆಯಲ್ಲೇ ಹುಳಿಯತೊಡಗುತ್ತದೆ. ಹುಳಿ ತಾಕಿದ ಸಕ್ಕರೆ ಒಳಗೊಳಗೇ ಒಡೆದುಹೋಗುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಅದು ಜೋನಿಯೇ, ಹರಳಲ್ಲ. ಇದು ಅವನಿಗೂ ಗೊತ್ತಿತ್ತು. ಆದರೆ ಅವಳ ಬೆರಳು ನೋಡಿದಾಗ ಗೊತ್ತಿದ್ದದ್ದೆಲ್ಲ ಮರೆತಿತ್ತು.

"ಪೆದ್ದ! ನನ್ನ ಕೈ ಉರಿದ್ರೆ ಮಡಕೆ ನೀನು ತೊಳಿ. ಸುಣ್ಣ ಬುಟ್ಬುಡೋದಾ?" ಎಂದು ಗದರಿದಳು. ಗದರುತ್ತಲೇ ಕಣ್ಣು ತುಂಬಿತು. ಯಾರೂ ಅವಳ ಕೈಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವತ್ತು ಮಡಕೆಗಳನ್ನೆಲ್ಲ ಅವನೇ ಉಜ್ಜಿದ, ಅವನೇ ಸುಣ್ಣ ಬಳಿದ. ಅವಳು ಪಕ್ಕದಲ್ಲಿ ಕುಳಿತು, "ಅಲ್ಲಿ ಬುಟ್ಟೆ, ಇಲ್ಲಿ ಬುಟ್ಟೆ" ಎಂದು ಬೈಯುತ್ತಿದ್ದಳು.

ಶನಿವಾರದ ನೀರಾ ತಿಳಿಯಾಗಿತ್ತು. ಸೋಸಿ ಕಾಯಿಸಿದಳು. ನೀರಿಗೆ ಬಿಟ್ಟ ಪಾಕದ ಹನಿ ಉಂಡೆಯಾದ ಮೇಲೆ ಬಾಣಲೆ ಇಳಿಸಿ, ಆರಲು ಬಿಟ್ಟು, ಹಿಂದೆ ಚೆನ್ನಾಗಿ ಆಗಿದ್ದ ಸಕ್ಕರೆಯನ್ನು ಒಂದು ಚಿಟಿಕೆ ಉದುರಿಸಿದಳು. ಮೊದಲ ಹರಳು ಹುಟ್ಟುವುದೇ ಕಷ್ಟ. ಒರಗಲು ಏನಾದರೂ ಸಿಕ್ಕರೆ ಕೂರುತ್ತದೆ. ಒಂದು ಕೂತರೆ ಉಳಿದವು ಅದರ ಪಕ್ಕ ಜಾಗ ಹಿಡಿಯುತ್ತವೆ. ಆದರೆ ತಿರುವುವ ಕೈ ನಿಲ್ಲಬಾರದು.

ರಂಗರಾಜು ಬಾಗಿಲಲ್ಲಿ ಬಂದು ನಿಂತರು. "ಏನಾಯ್ತು?"

ಪಾಕ ಇನ್ನೂ ಪಾಕವೇ. ಭಾನು ಕಾಯಲಿಲ್ಲ.

"ಅಪ್ಪ, ಇದು ಸಕ್ಕರೆ ಆಗ್ಲಿ, ಅಂಟೇ ಆಗ್ಲಿ. ನಾನು ಮದ್ವೆ ಆಗೋದು ಕಾಂತೇಶನ್ನ."

ಕಾಂತೇಶ್ ಹಿಡಿದಿದ್ದ ಸೌದೆ ಕೆಳಗೆ ಬಿತ್ತು. "ನನ್ನನ್ನೂ ಒಂದು ಮಾತು ಕೇಳ್ಬೇಕಲ್ಲವಾ?"

"ಬ್ಯಾಡ ಅಂತೀಯಾ?"

"ಅಯ್ಯೋ, ಇಲ್ಲ ಕಣೇ!"

"ಮರ ಹತ್ತೋನು ನಮ್ಮನೆ ಅಳಿಯನಾ?" ರಂಗರಾಜು ಕೂಗಿದರು.

"ಮರ ಹತ್ತದೆ ಯಾರ ಮನೇಗೆ ಕಾಯಿ ಬಂದೈತಪ್ಪ, ಈ ಸೀಮೇಲಿ?"

ಅವಳ ಕೈ ಸೋತಿತ್ತು. ಕಾಂತೇಶ್ ಮುಂದೆ ಬಂದ. ಅವಳಪ್ಪನ ಎದುರಿಗೇ ಅವಳ ಕೈ ಮೇಲೆ ಕೈಯಿಟ್ಟು ಸೌಟು ಹಿಡಿದ. ಇಬ್ಬರೂ ತಿರುವಿದರು. ಬಾಣಲೆಯ ಅಂಚು ಮಂಕಾಯಿತು, ಸೌಟು ಭಾರವಾಯಿತು, ಆಮೇಲೆ ಇದ್ದಕ್ಕಿದ್ದಂತೆ ಮರಳಿನ ಸದ್ದು: ಸರಸರ, ಸರಸರ. ಕಂದು ಬಣ್ಣದ ಸಕ್ಕರೆ ಉದುರುದುರಾಗಿ ಬಿಟ್ಟುಕೊಂಡಿತು.

ರಂಗರಾಜು ಬಗ್ಗಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇನ್ನೊಂದು ಚಿಟಿಕೆ ತೆಗೆದುಕೊಂಡರು.

"ಸಕ್ಕರೆ ಸರಿ. ಮದ್ವೆ ಮಾತು ಬ್ಯಾರೆ," ಎಂದರು.

"ಬ್ಯಾರೆ ಅಂತ ನಾನೂ ಆಗ್ಲೇ ಹೇಳ್ದೆ," ಎನ್ನುತ್ತಾ ಭಾನು ಅವರ ಜೇಬಿನಿಂದ ಫೋನ್ ಎಳೆದುಕೊಂಡಳು. ಅಂಟು ಬೆರಳಿನಲ್ಲೇ ನಂಬರ್ ಹುಡುಕಿ ಒತ್ತಿದಳು.

"ಹಲೋ, ತುರುವೇಕೆರೆಯೋರಾ? ನಮಸ್ಕಾರ ಕಣ್ರೀ. ನಾನು ಹುಡುಗೀನೇ ಮಾತಾಡ್ತಿರೋದು. ನಾಳೆ ಬರಬೇಡಿ, ಹುಡುಗ ಇಲ್ಲೇ ಸಿಕ್ಕವ್ನೆ."