ಅರ್ಧ ಎಳೆದ ಶಟರ್

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 11.10. ಮಾಟುಂಗದ ಠಾಣೆಗೆ ಬಂದವನು ತನ್ನ ಹೋಟೆಲೇ ಕಾಣೆಯಾಗಿದೆ ಎಂದ.

"ಎಲ್ಲಿಂದ ಕಾಣೆ ಆತು?" ಇನ್‌ಸ್ಪೆಕ್ಟರ್ ಶರಣಬಸಪ್ಪ ಕೇಳಿದರು.

"ಇಂಟರ್‌ನೆಟ್ಟಿಂದ ಸಾರ್. ಕಟ್ಟಡ ಅಲ್ಲೇ ಉಂಟು."

ಬಂದವನು ಸುಕೇಶ್, ಸ್ಟೇಷನ್ ಹತ್ತಿರದ 'ಪ್ರಭಾತ ವಿಲಾಸ'ದ ಮಾಲೀಕ. ಸೋಮವಾರ ಹೋಟೆಲಿಗೆ ರಜೆ, ಅದಕ್ಕೇ ಬಿಡುವು ಮಾಡಿಕೊಂಡು ಬಂದಿದ್ದ. ದೀಪಾವಳಿಯಿಂದ ಈಚೆಗೆ ಮೊಬೈಲಿನಲ್ಲಿ ಇಡ್ಲಿ, ದೋಸೆ ಎಂದು ಹುಡುಕಿದರೆ ಮಾಟುಂಗದಲ್ಲಿ ಮೊದಲು ಬರುತ್ತಿದ್ದುದು ಅವನ ಹೋಟೆಲಿನ ಪುಟ. ದಾದರಿನಿಂದಲೂ ಜನ ಬಂದು ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಈಗ ಹದಿನೈದು ದಿನದಿಂದ ಪುಟ ಹತ್ತನೆಯದಾಗಿಯೂ ಇಲ್ಲ, ನೂರನೆಯದಾಗಿಯೂ ಇಲ್ಲ.

"ಯಾರ ಮ್ಯಾಲ ಸಂಶಯ?"

"ಎದುರಿನ ಹೋಟೆಲಿನವರ ಮೇಲೆ. ಮತ್ತೆ ಯಾರಿಗೆ ಇಷ್ಟು ಹೊಟ್ಟೆಕಿಚ್ಚು ಮಾರಾಯ್ರೇ?"

ಶರಣಬಸಪ್ಪ ಅಕ್ಕಲಕೋಟೆ ಕಡೆಯವರು, ಮುಂಬಯಿ ಪೊಲೀಸಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವರು. ಪ್ರಶ್ನೆ ಮುಗಿದ ಮೇಲೆ ಸುಮ್ಮನೆ ಕೂತು ಎದುರಿನವನು ಏನು ಮಾಡುತ್ತಾನೆಂದು ನೋಡುವುದು ಅವರ ಪದ್ಧತಿ. ಸುಕೇಶ್ ಫೋನು ತೆಗೆದು ತನ್ನ ಹೋಟೆಲಿನ ಹೆಸರನ್ನು ಮತ್ತೊಮ್ಮೆ ಹುಡುಕಿದ. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು.

ಅಷ್ಟರಲ್ಲಿ ಸೈಬರ್ ಕೆಲಸ ನೋಡುವ ಕಾನ್‌ಸ್ಟೇಬಲ್ ಶೀಲಾವತಿ ಕಂಪ್ಯೂಟರಿನಿಂದ ತಲೆ ಎತ್ತಿದಳು. "ಸರ್, ಪುಟ ನೋಡಾಕ ಮೊದಲಿನಂಗ ಐತಿ. ಆದ್ರ ಹುಡುಕೋ ಯಂತ್ರ ಅಷ್ಟೇ ಓದೂವಂಗ ಒಳಗೊಂದು ಸಾಲು ಬರದಾರ. 'ಈ ಪುಟ ಯಾರಿಗೂ ತೋರಸಬ್ಯಾಡ' ಅಂತ."

"ಒಂದ ಸಾಲು?"

"ಒಂದ ಸಾಲು. ಅದು ಕೇಳಿತು, ಸುಮ್ಮನಾತು."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿ ಎಫ್‌ಐಆರ್ ದಾಖಲಾಯಿತು.

ಫೆಬ್ರವರಿ 11, ಮಂಗಳವಾರ, ಮಧ್ಯಾಹ್ನ 3.15. ಪಂಚನಾಮೆಗೆ ಹೋದಾಗ ಪ್ರಭಾತ ವಿಲಾಸದ ಶಟರ್ ಅರ್ಧ ಕೆಳಗೆ ಎಳೆದಿತ್ತು. ಬಗ್ಗಿ ಒಳಗೆ ಹೋದರೆ ಬೆಂಚುಗಳ ಮೇಲೆ ಕೆಲಸದವರು ಮಲಗಿದ್ದರು. ದೋಸೆ ಕಾವಲಿ ಆರಿತ್ತು. ಅದರ ಪಕ್ಕದಲ್ಲಿ ಗೋಡೆಗೊರಗಿ ಮುದುಕನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಬಲ ಅಂಗೈಯಲ್ಲಿ ವಾಸಿಯಾಗುತ್ತಿದ್ದ ಸುಟ್ಟ ಗಾಯ. ಹೊರಗೆ ಇಡೀ ಮುಂಬಯಿ ಹಾರ್ನ್ ಹೊಡೆಯುತ್ತಿತ್ತು. ಒಳಗೆ ಫ್ಯಾನಿನ ಸದ್ದು ಮಾತ್ರ. ಶರಣಬಸಪ್ಪನವರಿಗೆ ಆ ಜಾಗ ಬಿಟ್ಟು ಹೋಗಬಾರದು ಅನ್ನಿಸಿತು.

"ಅವರು ಕಾಂತಪ್ಪಣ್ಣ, ದೋಸೆಯವರು. ಅಪ್ಪನ ಕಾಲದಿಂದ ಇದ್ದಾರೆ," ಸುಕೇಶ್ ದನಿ ತಗ್ಗಿಸಿದ. "ಮೂರರಿಂದ ನಾಲ್ಕು ಶಟರ್ ಎಳೆಯುವುದು ಹಳೇ ಪದ್ಧತಿ. ದೀಪಾವಳಿಯಿಂದ ನಿಲ್ಲಿಸಿದ್ದೆವು. ಈಗ ಜನವೇ ಇಲ್ಲವಲ್ಲ, ಪುನಃ ಎಳೆದದ್ದು."

ಪುಟದ ಪಾಸ್‌ವರ್ಡ್ ಎಲ್ಲಿದೆ ಎಂದು ಕೇಳಿದರೆ ಹಣ ತೆಗೆದುಕೊಳ್ಳುವ ಗಲ್ಲೆಯ ಹಿಂದೆ, ಗಣಪತಿ ಫೋಟೋದ ಕೆಳಗೆ ಅಂಟಿಸಿದ ಚೀಟಿ ತೋರಿಸಿದ. ಕೈ ತೊಳೆಯಲು ಹೋದವರೆಲ್ಲ ಓದಬಹುದಾಗಿತ್ತು.

"ಪುಟ ಮಾಡಿದವರು?"

"ಹರಿಣಿ. ಕಾಂತಪ್ಪಣ್ಣನ ಮಗಳು. ಫೋರ್ಟ್ ಏರಿಯಾದಲ್ಲಿ ಇದೇ ಕೆಲಸ ಅವಳಿಗೆ, ಪುಟಗಳನ್ನು ಮೇಲೆ ತರುವುದು. ವಾರವಿಡೀ ಆಫೀಸು. ಮೇಲೆ ತಂದವಳೇ ಕೆಳಗೆ ಹಾಕುತ್ತಾಳಾ ಸಾರ್?"

ತಿಂಡಿ ಬಡಿಸುವ ದೂಜ ಪೊಲೀಸರಿಗೆ ಕಾಫಿ ಕೊಟ್ಟು ತಾನೂ ಕುಡಿದ. ತನ್ನ ಲೋಟ ತಾನೇ ತೊಳೆದು ಒಳಗಿನ ಹಲಗೆಯ ಮೇಲೆ ಬೋರಲು ಹಾಕಿದ. ಶೀಲಾವತಿ ತನ್ನ ಲೋಟ ತೊಳೆಯಲು ಎದ್ದಾಗ ತಡೆದ. "ನೀವು ಬೇಡ ಅಕ್ಕ. ಅದು ಇಲ್ಲಿಯವರ ಹಲಗೆ. ಗಿರಾಕಿಗಳದ್ದು ಟಬ್ಬಿಗೆ."

ಫೆಬ್ರವರಿ 13, ಗುರುವಾರ. ಪುಟವನ್ನು ತನ್ನ ಕಂಪ್ಯೂಟರುಗಳಲ್ಲಿ ಇರಿಸಿಕೊಂಡ ಕಂಪನಿಯಿಂದ ಉತ್ತರ ಬಂತು. ಆ ಸಾಲು ಸೇರಿದ್ದು ಜನವರಿ 21, ಮಂಗಳವಾರ, ಮಧ್ಯಾಹ್ನ 3.22ಕ್ಕೆ, ಪ್ರಭಾತ ವಿಲಾಸದ ವೈಫೈಯಿಂದಲೇ. ಎದುರಿನ ಹೋಟೆಲಿನವರು ಸಂಶಯದಿಂದ ಪಾರಾದರು.

ಸಿಸಿಟಿವಿಯಲ್ಲಿ ಆ ಹೊತ್ತಿಗೆ ಹೋಟೆಲು ಕಿಕ್ಕಿರಿದಿತ್ತು. ಲ್ಯಾಪ್‌ಟಾಪ್ ತೆರೆದವರು ಮೂವರು. ಮೂವರ ಮುಖವೂ ಕಾಣುವುದಿಲ್ಲ.

"ಮೂರೂ ಮಂದಿನ್ನ ಹುಡುಕೂದು ಅಂದ್ರ ಸರ್, ನನ್ನ ಮಗನ ಲಗ್ನದ ತನಕ ಹೊಕ್ಕೈತಿ," ಎಂದಳು ಶೀಲಾವತಿ. ಮಗನಿಗೆ ನಾಲ್ಕು ವರ್ಷ.

"ಮುಂದ ಓಡಸು."

3.30. ಇಬ್ಬರು ಲೋಟ ಮೇಜಿನ ಮೇಲೇ ಬಿಟ್ಟು ಎದ್ದರು. ಮೂರನೆಯವಳು, ಹಳದಿ ಕುರ್ತಾದವಳು, ಲೋಟ ಹಿಡಿದು ಒಳಗೆ ಹೋದಳು. ತೊಳೆದಳು. ಹಲಗೆಯ ಮೇಲೆ ಬೋರಲು ಹಾಕಿದಳು. ಅಷ್ಟು ಜನರ ನಡುವೆಯೂ ಕೈ ತನ್ನಷ್ಟಕ್ಕೆ ತಾನೇ ಹುಟ್ಟಿನಿಂದ ಕಲಿತದ್ದನ್ನು ಮಾಡಿತ್ತು.

ಶುಕ್ರವಾರ ಮಧ್ಯಾಹ್ನ ಹೋಟೆಲಿನಲ್ಲೇ ಅದೇ ದೃಶ್ಯವನ್ನು ಕಾಂತಪ್ಪನಿಗೆ ತೋರಿಸಿದರು.

"ಯಾರು ಇವರು?"

ಕಾಂತಪ್ಪ ಬಹಳ ಹೊತ್ತು ನೋಡಿದ. ಶರಣಬಸಪ್ಪನವರೂ ಸುಮ್ಮನಿದ್ದರು. ಇಬ್ಬರಿಗೂ ಮೌನದ ಅಭ್ಯಾಸವಿತ್ತು, ಯಾರೂ ಸೋಲುವಂತೆ ಕಾಣಲಿಲ್ಲ.

"ಪುಟ ತೆಗೆದದ್ದು ನಾನೇ ಸಾರ್," ಎಂದ ಕಾಂತಪ್ಪ ಕೊನೆಗೆ.

"ಹೆಂಗ ತಗದ್ರಿ?"

"ಒಂದು... ಗುಂಡಿ ಒತ್ತಿದೆ."

"ಯಾವ ಗುಂಡಿ?"

"ಕೆಂಪು."

ಶೀಲಾವತಿ ಬಾಯಿಗೆ ಕೈ ಅಡ್ಡ ಹಿಡಿದಳು. ದೂಜ ಮಾತ್ರ ನಗಲಿಲ್ಲ. ಅವನು ಆಗಲೇ ಹೊರಗೆ ಹೋಗಿ ಹರಿಣಿಗೆ ಫೋನು ಮಾಡಿದ್ದ.

4.50ಕ್ಕೆ ಹರಿಣಿ ಬಂದಳು. ಇಪ್ಪತ್ತಾರರ ಹುಡುಗಿ, ಲೋಕಲ್ ರೈಲಿನಿಂದ ಇಳಿದು ಓಡಿ ಬಂದಿದ್ದಳು.

"ಪಪ್ಪಾ, ಬಸ್, ಸಾಕು. ನೀವೇನೂ ಹೇಳ್ಬೇಡಿ." ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಮೈನೇ ಕಿಯಾ, ಸರ್. ನಾನೇ ಮಾಡಿದ್ದು."

"ಮ್ಯಾಲ ತಂದಾಕಿ ನೀವಽ ಅಲ್ಲ?"

"ಹೇಗೆ ತಂದೆ ಗೊತ್ತಾ? ಮೂರು ಗಂಟೆಗೆ ಇಲ್ಲಿ ಎಲ್ಲಾ ಹೋಟೆಲ್ ಬಂದ್. ನಾನೇ ಸುಕೇಶಣ್ಣನಿಗೆ ಹೇಳಿದೆ, ಆ ಒಂದು ಗಂಟೆ ಓಪನ್ ಇಡಿ, ಪುಟದಲ್ಲಿ ಹಾಗೇ ಹಾಕುವಾ, 'ಈಗ ತೆರೆದಿದೆ' ಅಂತ ಹುಡುಕಿದವರಿಗೆ ನಾವೊಬ್ಬರೇ ಕಾಣ್ತೇವೆ ಅಂತ. ನಂಬರ್ ಒನ್ ಬಂತು. ಪಪ್ಪಾ ಆ ಗಂಟೆ ಮಲಗ್ತಾರೆ ಅಂತ ನೆನಪೇ ಆಗ್ಲಿಲ್ಲ ನಂಗೆ."

"ಇಪ್ಪತ್ತೊಂದನೇ ತಾರೀಖು?"

"ಹಾಫ್ ಡೇ ಹಾಕಿ ಬಂದಿದ್ದೆ. ಇಲ್ಲಿ ಕೂತು ನೋಡಿದೆ. ಎರಡು ದೋಸೆ ನಡುವೆ ಪಪ್ಪಾ ನಿಂತಲ್ಲೇ ಕಣ್ಣು ಮುಚ್ಚಿದರು. ಕೈ ಕಾವಲಿ ಮೇಲೆ ಬಿತ್ತು." ಅವಳು ತಂದೆಯ ಅಂಗೈ ನೋಡಲಿಲ್ಲ. "ಡಾಕ್ಟರ್ ಹತ್ರ ಹೋಗುವಾ ಅಂದ್ರೆ, ರಶ್ ಉಂಟು, ಕೂತ್ಕೋ ಅಂದ್ರು. ಲ್ಯಾಪ್‌ಟಾಪ್ ತೆಗೆದೆ."

"ಸುಕೇಶ್‌ಗ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನಿಲ್ಲಿಸ್ತಿದ್ರು. ಆದ್ರೆ ಪಪ್ಪಾ ಬಿಡ್ತಿರ್ಲಿಲ್ಲ. ನನ್ನ ಮಗಳು ತಂದ ಜನ ಅಂತ ದಿನಾ ಎಲ್ಲರಿಗೂ ಹೇಳ್ತಿದ್ರು."

ಸುಕೇಶ್ ಗಲ್ಲೆಯ ಹಿಂದೆ ನಿಂತು ಇದನ್ನೆಲ್ಲ ಕೇಳಿದ.

ಸಂಜೆ 5.20ಕ್ಕೆ ಶೀಲಾವತಿ ಹರಿಣಿಯನ್ನು ಬಂಧಿಸಿದಳು. ಜಾಮೀನು ಸಿಗುವ ಅಪರಾಧ. ಠಾಣೆಯಲ್ಲಿ ಜಾಮೀನಿಗೆ ಸಹಿ ಹಾಕಲು ಬಂದವನನ್ನು ನೋಡಿ ಶರಣಬಸಪ್ಪ ಪೆನ್ನು ಕೆಳಗಿಟ್ಟರು.

"ಫಿರ್ಯಾದಿ ನೀವು. ಜಾಮೀನೂ ನೀವಾ?"

"ಎಂತ ಮಾಡುವುದು ಸಾರ್, ಹಲಗೆ ಮೇಲೆ ಅವಳ ಲೋಟವೂ ಉಂಟಲ್ಲ," ಎಂದ ಸುಕೇಶ್. "ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳುತ್ತೇನೆ. ಪುಟ ಪುನಃ ಬರಲಿ, ಅವಳೇ ತರಲಿ. ಮೂರರಿಂದ ನಾಲ್ಕು ಬಂದ್ ಅಂತ ದಪ್ಪ ಅಕ್ಷರದಲ್ಲಿ ಹಾಕಲಿ."

"ಹಾಗೆ ಹಾಕಿದ್ರೆ ಫಸ್ಟ್ ಬರಲ್ಲ ಅಣ್ಣ," ಎಂದಳು ಹರಿಣಿ.

"ನಾಲ್ಕನೆಯದಾಗಿ ಬರಲಿ ಮಾರಾಯ್ತಿ. ನಾಲ್ಕು ಗಂಟೆಗೆ ಬರುವವರು ಬರುತ್ತಾರೆ."

ಅವರು ಹೋದ ಮೇಲೆ ಶರಣಬಸಪ್ಪ ಕೇಸ್ ಡೈರಿ ತೆರೆದು ಅಪರಾಧದ ಉದ್ದೇಶ ಎಂಬಲ್ಲಿಗೆ ಬಂದರು. ದ್ವೇಷವಲ್ಲ, ಲಾಭವಲ್ಲ. ಯೋಚಿಸಿ ಬರೆದರು: ಮಧ್ಯಾಹ್ನ ಮೂರರಿಂದ ನಾಲ್ಕು.

ಶೀಲಾವತಿ ಬಗ್ಗಿ ಓದಿದಳು. "ಸರ್, ಇದು ವ್ಯಾಳ್ಯಾ ಆತಲ್ಲ. ಉದ್ದೇಶ ಬರೀರಿ."

"ಅದನ್ನಽ ಬರದೀನಿ," ಎಂದು ಶರಣಬಸಪ್ಪ ಡೈರಿ ಮುಚ್ಚಿದರು.